ರಸ್ತೆ ಕಾಲೊನಿ ತನಕ ಯಾಕೆ ಬರುವುದಿಲ್ಲ?

ಮಾನ್ಯ ಸಂಪಾದಕರೇ,

ಮಂಡ್ಯ ತಾಲ್ಲೂಕಿನ ನಮ್ಮೂರಲ್ಲಿ ಹೊಸ ಸಿಮೆಂಟ್ ರಸ್ತೆ ದೇವಸ್ಥಾನದ ಬೀದಿ ದಾಟಿ ಪರಿಶಿಷ್ಟರ ಕಾಲೊನಿ ಹತ್ತಿರ ಬಂದು ನಿಂತುಬಿಟ್ಟಿದೆ. ಕೇಳಿದರೆ ಅನುದಾನ ಮುಗಿಯಿತು ಅಂತಾರೆ. ಮುಂಚಿನ ಕಾಮಗಾರಿಯೂ ಅಲ್ಲೇ ನಿಂತಿತ್ತು. ಈಗ ರಸ್ತೆ ಎತ್ತರವಾಗಿ, ಚರಂಡಿಯೂ ಇಲ್ಲದೆ, ಮಳೆ ಬಂದರೆ ಮೇಲಿನ ಬೀದಿ ನೀರೆಲ್ಲ ಕಾಲೊನಿ ಮನೆಗಳ ಹೊಸಿಲಿಗೆ ನುಗ್ಗುತ್ತದೆ, ತ್ರಿಚಕ್ರ ಸೈಕಲ್‌ನಲ್ಲಿ ಓಡಾಡುವವರಂತೂ ಆ ಅಂಚು ಹತ್ತಲು ಯಾರಾದರೂ ತಳ್ಳುವವರು ಬರಲಿ ಅಂತ ಕಾಯಬೇಕು.

ಸರ್ಕಾರದ ಹಣದಲ್ಲಿ ನಡೆಯುವ ರಸ್ತೆ, ಬಾವಿ, ಕೆರೆ ಬಳಕೆಯಲ್ಲಿ ಜಾತಿ ನೋಡಿ ಯಾರನ್ನೂ ತಡೆಯಬಾರದು ಅಂತ ಸಂವಿಧಾನದ 15ನೇ ವಿಧಿಯೇ ಹೇಳುತ್ತದೆ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲೇ ಬಂದಿದೆ. ಆದರೆ ಇದನ್ನು ಪಾಲಿಸಿದ್ದಾರಾ ಅಂತ ಬಿಲ್ ಪಾಸು ಮಾಡುವಾಗ ನೋಡುವವರು ಯಾರು? ಅಮೆರಿಕದಲ್ಲಿ 1964ರ ನಾಗರಿಕ ಹಕ್ಕುಗಳ ಕಾಯ್ದೆ ಪ್ರಕಾರ, ಕೇಂದ್ರದ ದುಡ್ಡು ಪಡೆಯುವ ರಸ್ತೆ ಇಲಾಖೆ ಜನಾಂಗ, ಬಣ್ಣ ನೋಡಿ ತಾರತಮ್ಯ ಮಾಡುವಂತಿಲ್ಲ, ದೂರು ಕೊಡುವುದು ಹೇಗೆ ಅಂತ ಇಲಾಖೆಯೇ ಜನರಿಗೆ ತಿಳಿಸಬೇಕು, ತಪ್ಪಿದರೆ ಹಣವೇ ನಿಲ್ಲಬಹುದು. ನಮ್ಮಲ್ಲೂ ಅಷ್ಟು ಬಿಗಿ ಬೇಕು ಅಲ್ವಾ?

ಯಾವ ಬೀದಿಗೆ ಎಷ್ಟು ಖರ್ಚಾಯಿತು ಅಂತ ಪಂಚಾಯಿತಿ ಗೋಡೆ ಮೇಲೆ ಬರೆಯಿಸಿ. ಮುಂದಿನ ಕಾಮಗಾರಿಯನ್ನು ಕಾಲೊನಿ ಕಡೆಯಿಂದಲೇ ಶುರು ಮಾಡಿ.

– ಒಬ್ಬ ಓದುಗ, ಮಂಡ್ಯ ತಾಲ್ಲೂಕು