ಕೋವಿಯ ಜತೆ ತೋಟೆಯನ್ನೂ ತಪಾಸಣೆ ಮಾಡಿ

ಮಾನ್ಯ ಸಂಪಾದಕರೇ,

ಚುನಾವಣೆ ಬಂತೆಂದರೆ ನಮ್ಮ ಚನ್ನಗಿರಿ ಕಡೆಯ ಅಡಿಕೆ ತೋಟದವರು ಬೆಳೆ ರಕ್ಷಣೆಗೆಂದು ಇಟ್ಟುಕೊಂಡ ಕೋವಿಗಳನ್ನು ಠಾಣೆಗೆ ಒಪ್ಪಿಸಿ ರಸೀದಿ ತರುತ್ತಾರೆ. ಠಾಣೆಯಲ್ಲಿ ಕೋವಿಯ ನಂಬರು ನೋಡುತ್ತಾರೆ, ಲೈಸೆನ್ಸ್ ಪುಸ್ತಕ ತಿರುವಿ ಹಾಕುತ್ತಾರೆ. ಕೋವಿಗೆ ಹಾಕುವ ತೋಟೆಯನ್ನು (ಕಾರ್ಟ್ರಿಜ್) ಮಾತ್ರ ಬೆಳಕಿಗೆ ಹಿಡಿದು ನೋಡಿದವರನ್ನು ನಾನು ಕಂಡಿಲ್ಲ. ಸೇನೆಯ ಯಂತ್ರ, ಆಯುಧಗಳ ದುರಸ್ತಿ ನೋಡುವ ಇಎಂಇ ವಿಭಾಗದಲ್ಲಿ ಆರ್ಮರರ್, ಅಂದರೆ ಆಯುಧ ರಿಪೇರಿಯವನಾಗಿ ದುಡಿದು ಊರಿಗೆ ಮರಳಿದವನು ನಾನು. ಇದನ್ನು ನೋಡಿಯೂ ಸುಮ್ಮನಿರಲು ಆಗುತ್ತಿಲ್ಲ.

ಹಾರಿಸಿದ ಮೇಲೆ ಉಳಿಯುವ ಹಿತ್ತಾಳೆ ಕೇಸನ್ನು, ಅಂದರೆ ತೋಟೆಯ ಖಾಲಿ ಕೊಳವೆಯನ್ನು ಬಿಸಾಡದೆ, ಮದ್ದಿಗೆ ಕಿಡಿ ಹೊತ್ತಿಸುವ ಕೇಪನ್ನು ಮತ್ತೆ ತಳಕ್ಕೆ ಕೂರಿಸಿ, ಮದ್ದು ತುಂಬಿ ಬಳಸುವವರು ಇದ್ದಾರೆ. ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದನ್ನು 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ನಿಷೇಧಿಸಿದೆ. ಅದು ಒಂದು ಕಡೆ ಇರಲಿ. ಡೈ ಎಂಬ ಅಳತೆಯ ಅಚ್ಚಿನೊಳಗೆ ತಳ್ಳಿ ಅಳತೆಗೆ ತಂದುಬಿಟ್ಟರೆ ಕೇಸು ಹೊಸದಾದಂತೆಯೇ ಎಂಬ ನಂಬಿಕೆ ಇದೆಯಲ್ಲ, ಅದು ಜೀವಕ್ಕೇ ಎರವಾಗುವಂಥದ್ದು.

ತೋಟೆಯ ಹಿತ್ತಾಳೆಯಲ್ಲಿ ಸುಮಾರು ಶೇ 70 ತಾಮ್ರ, ಶೇ 30 ಸತು. ಗುಂಡು ಹಾರಿದಾಗ ಕೇಸು ಉಬ್ಬಿ ನಳಿಗೆಯ ಗೋಡೆಗೆ ಅಂಟಿಕೊಂಡು ಅನಿಲ ಹಿಂದಕ್ಕೆ ಬಾರದಂತೆ ತಡೆಯುತ್ತದೆ, ಆಮೇಲೆ ತುಸು ಕುಗ್ಗುತ್ತದೆ. ಪೂರ್ತಿ ಮೊದಲಿನ ಅಳತೆಗೆ ಬರುವುದಿಲ್ಲ. ಅದಕ್ಕೇ ಡೈ ಬೇಕಾಗುವುದು. ಆದರೆ ಉಬ್ಬುವುದು, ಒತ್ತಿಸಿಕೊಳ್ಳುವುದು, ಮತ್ತೆ ಉಬ್ಬುವುದು ಹೀಗೆ ನಡೆದಷ್ಟೂ ಹಿತ್ತಾಳೆ ಗಡಸಾಗುತ್ತದೆ, ಕೊನೆಗೆ ಗುಂಡು ಕೂರುವ ಕುತ್ತಿಗೆಯಲ್ಲಿ ಸೀಳುತ್ತದೆ. ರೈಫಲ್ ಕೇಸಿನ ಭುಜವನ್ನು, ಅಂದರೆ ಕುತ್ತಿಗೆಯ ಕೆಳಗಿನ ಇಳಿಜಾರನ್ನು ಡೈಯಲ್ಲಿ ಅಗತ್ಯಕ್ಕಿಂತ ಹಿಂದಕ್ಕೆ ತಳ್ಳಿದರಂತೂ ಮುಂದಿನ ಗುಂಡಿಗೆ ಕೇಸು ಉದ್ದಕ್ಕೆ ಎಳೆದುಕೊಂಡು, ತಳದಿಂದ ಸ್ವಲ್ಪ ಮೇಲೆ ಒಳಗಿನಿಂದಲೇ ತೆಳುವಾಗುತ್ತದೆ. ಅಲ್ಲಿ ಕೇಸು ಎರಡು ತುಂಡಾದರೆ ಬಿಸಿ ಅನಿಲ ಹಿಂದಕ್ಕೆ ನುಗ್ಗುತ್ತದೆ. ಹಿಂದೆ ಇರುವುದು ಹಾರಿಸುವವನ ಕಣ್ಣು.

ಮೊನ್ನೆ ನಮ್ಮ ಬೀಗರೊಬ್ಬರು .315 ರೈಫಲ್ಲಿನ ಖಾಲಿ ಕೇಸುಗಳನ್ನು ಚೀಲದಲ್ಲಿ ತಂದು, ಇವು ಇನ್ನೂ ಬಳಕೆಗೆ ಬಂದಾವೇ ಎಂದು ಕೇಳಿದರು. ಸೈಕಲ್ ಕಡ್ಡಿಯ ತುದಿಯನ್ನು ಚೂಪಾಗಿ ಅರೆದು, ಕೊಕ್ಕೆಯಂತೆ ಬಗ್ಗಿಸಿ, ಒಂದೊಂದು ಕೇಸಿನ ಒಳಗೂ ಬಿಟ್ಟು ತಳದಿಂದ ಮೇಲಕ್ಕೆ ಗೋಡೆಗುಂಟ ಎಳೆದೆ. ಒಳ್ಳೆಯ ಕೇಸಿನಲ್ಲಿ ಕಡ್ಡಿ ನುಣ್ಣಗೆ ಜಾರುತ್ತದೆ. ಒಂದರಲ್ಲಿ ತಳದ ಹತ್ತಿರ ಟಕ್ಕೆಂದು ಸಿಕ್ಕಿಕೊಂಡಿತು. ಕಡ್ಡಿಯನ್ನು ಅವರ ಕೈಗೇ ಕೊಟ್ಟೆ, ಅವರ ಬೆರಳಿಗೂ ಗೊತ್ತಾಯಿತು. ಹೊರಮೈಯನ್ನು ಬಿಸಿಲಿಗೆ ಹಿಡಿದಾಗ ಅದೇ ಜಾಗದಲ್ಲಿ ಸುತ್ತಲೂ ಕೂದಲೆಳೆಯಷ್ಟು ಬಿಳುಪಾದ ಹೊಳೆಯುವ ಗೆರೆ. ಅಂಥ ಕೇಸನ್ನು ಯಾವ ಡೈಯೂ ಉಳಿಸಲಾರದು. ಇನ್ನೊಂದರಲ್ಲಿ ಬಾಯಿಯಿಂದ ಇಳಿದ ಸೀಳಿತ್ತು. ಮತ್ತೊಂದರ ಕೇಪಿನ ಗುಳಿ ಅಗಲವಾಗಿಹೋಗಿತ್ತು. ಕೇಪು ಬೆರಳಲ್ಲಿ ಒತ್ತಿದರೇ ಕೂರುವಷ್ಟು ಸಡಿಲವಾದರೆ ಆ ಕೇಸಿನ ಆಯುಷ್ಯ ಮುಗಿದಂತೆ. ಮೂರನ್ನೂ ಅವರೆದುರೇ ಸುತ್ತಿಗೆಯಿಂದ ಚಪ್ಪಟೆ ಮಾಡಿದೆ. ಹಾಗೇ ಬಿಟ್ಟರೆ ಇನ್ಯಾರೋ ಎತ್ತಿಟ್ಟುಕೊಳ್ಳುತ್ತಾರೆ. ಉಳಿದವು ಚೆನ್ನಾಗಿದ್ದರೂ ಮನೆಯಲ್ಲಿ ತುಂಬುವ ಮಾತು ಬೇಡವೆಂದು ಹೇಳಿ ಕಳಿಸಿದೆ.

ಇದಕ್ಕಿಂತ ಹೆಚ್ಚು ಜನರಿಗೆ ಸಂಬಂಧಿಸಿದ ಮಾತು ಇನ್ನೊಂದಿದೆ, ಏಕೆಂದರೆ ಇದು ಒಮ್ಮೆಯೂ ಹಾರಿಸದ ಹೊಸ ತೋಟೆಗೂ ಅನ್ವಯ. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿ ಸೈನ್ಯದವರು ಮಳೆಗಾಲಕ್ಕೆ ತೋಟೆಗಳನ್ನು ಕುದುರೆ ಲಾಯದಲ್ಲಿ ಇಡುತ್ತಿದ್ದರು. ಮಳೆ ಮುಗಿಯುವ ಹೊತ್ತಿಗೆ ಹಿತ್ತಾಳೆ ತಾನಾಗಿಯೇ ಬಿರುಕು ಬಿಟ್ಟಿರುತ್ತಿತ್ತು. ಕುದುರೆ ಗಂಜಲದಿಂದ ಏಳುವ ಅಮೋನಿಯಾ, ತೇವ ಮತ್ತು ತಯಾರಿಕೆಯ ವೇಳೆ ಹಿತ್ತಾಳೆಯೊಳಗೆ ಉಳಿದ ಬಿಗಿತ ಸೇರಿ ಹೀಗಾಗುತ್ತದೆ ಎಂದು 1921ರಲ್ಲಿ ಮೂರ್, ಬೆಕಿನ್ಸೇಲ್, ಮ್ಯಾಲಿನ್ಸನ್ ಎಂಬ ಲೋಹತಜ್ಞರು ವಿವರಿಸಿದರು. ನಮ್ಮಲ್ಲಿ ಕುದುರೆ ಇಲ್ಲದಿರಬಹುದು, ದನಗಳಿವೆ. ತೋಟದ ಮನೆಗಳಲ್ಲಿ ಕೊಟ್ಟಿಗೆಯ ಮೇಲಿನ ಅಟ್ಟದಲ್ಲೇ ಹಗ್ಗ, ಗೊಬ್ಬರದ ಚೀಲದ ಪಕ್ಕ ತೋಟೆಯ ಡಬ್ಬಿ ಇಟ್ಟಿರುವುದನ್ನು ಕಣ್ಣಾರೆ ಕಂಡಿದ್ದೇನೆ. ಕೆಳಗಿನ ಗಂಜಲದಿಂದ ಏಳುವುದೂ ಅದೇ ಅಮೋನಿಯಾ. ಪ್ಲಾಸ್ಟಿಕ್ ಮೈಯ ಹನ್ನೆರಡು ಬೋರಿನ ಕೋವಿಯ ಎಷ್ಟೋ ತೋಟೆಗಳಿಗೂ ತಳಕ್ಕೆ ಹಿತ್ತಾಳೆಯ ಟೋಪಿ ಇರುತ್ತದೆ. ಅಜ್ಜಂದಿರ ಕಾಲದ ಪೂರ್ತಿ ಹಿತ್ತಾಳೆಯ ಕೇಸುಗಳ ಪಾಡನ್ನಂತೂ ಕೇಳುವುದೇ ಬೇಡ.

ಜಿಲ್ಲಾಡಳಿತಕ್ಕೆ ನನ್ನ ಬೇಡಿಕೆ ದೊಡ್ಡದಲ್ಲ. ಕೋವಿ ಠೇವಣಿ ಮಾಡಿಸಿಕೊಳ್ಳುವ ದಿನ, ಲೈಸೆನ್ಸ್ ನವೀಕರಣದ ದಿನ, ಜಿಲ್ಲಾ ಸಶಸ್ತ್ರ ಮೀಸಲು ಪಡೆಯಲ್ಲಿ ಆಯುಧ ನೋಡಿಕೊಳ್ಳುವ ಸಿಬ್ಬಂದಿಯೊಬ್ಬರನ್ನು ಠಾಣೆಯಲ್ಲಿ ಕೂರಿಸಲಿ. ತಂದ ತೋಟೆಗಳಲ್ಲಿ ಬಿರುಕು, ಹಸಿರು ಕಿಲುಬು, ತಗ್ಗು ಇದ್ದವನ್ನು ಬೇರ್ಪಡಿಸಿ ವಶಕ್ಕೆ ಪಡೆಯಲಿ. ತೋಟೆಯನ್ನು ಕೊಟ್ಟಿಗೆ, ಗೊಬ್ಬರದ ಕೋಣೆಗಳಿಂದ ದೂರ, ಒಣ ಜಾಗದಲ್ಲಿ ಬೀಗ ಹಾಕಿ ಇಡಬೇಕೆಂದು ರಸೀದಿಯ ಹಿಂಬದಿಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಲಿ. ಹೇಳಿಕೊಡಲು ಜನ ಸಾಲದಿದ್ದರೆ ನಾನು ಬರುತ್ತೇನೆ, ಸಂಬಳ ಬೇಡ.

– ನಿವೃತ್ತ ಆರ್ಮರರ್, ಚನ್ನಗಿರಿ ತಾಲ್ಲೂಕು, ದಾವಣಗೆರೆ ಜಿಲ್ಲೆ