ಗೆಳೆಯನಿಗೊಂದು ಪತ್ರ: ಹೋಮ್ಸ್‌ನನ್ನು ಮೊದಲ ಪುಟದಿಂದ ಓದಿಸಬೇಡ

ಪ್ರೀತಿಯ ಶೇಖರ,

ಮಗಳು ಷೆರ್ಲಾಕ್ ಹೋಮ್ಸ್ ಸಂಪುಟವನ್ನು ಅರ್ಧಕ್ಕೂ ಬಾರದೆ ಮಡಚಿಟ್ಟಳು, ಈಗಿನ ಮಕ್ಕಳಿಗೆ ತಾಳ್ಮೆಯೇ ಇಲ್ಲ ಅಂತ ಬರೆದಿದ್ದೀಯ. ಅವಳನ್ನು ಬೈಯಬೇಡ ಮಾರಾಯ. ಸಮಗ್ರ ಸಂಪುಟಗಳು ಪ್ರಕಟವಾದ ವರ್ಷದ ಲೆಕ್ಕದಲ್ಲಿ ಹೊರಡುತ್ತವೆ, ಹಾಗಾಗಿ ಮೊದಲಿಗೇ ಎದುರಾಗುವುದು 1887ರ ‘ಎ ಸ್ಟಡಿ ಇನ್ ಸ್ಕಾರ್ಲೆಟ್’. ಅದರ ಮೊದಲ 7 ಅಧ್ಯಾಯ ಲಂಡನ್ನಿನಲ್ಲಿ ಚುರುಕಾಗಿ ಓಡುತ್ತವೆ. ಕೊಲೆಗಾರನ ಕೈಗೆ ಕೋಳ ಬಿತ್ತು ಅನ್ನುವಷ್ಟರಲ್ಲಿ ಕಥೆ ಅಮೆರಿಕದ ಮರುಭೂಮಿಗೆ ಹಾರಿ, ಮುಂದಿನ 5 ಅಧ್ಯಾಯ ಹೋಮ್ಸ್‌ನ ಸುಳಿವೇ ಇಲ್ಲ. ಮಕ್ಕಳು ಕೈಬಿಡುವುದು ಅಲ್ಲೇ. ದೊಡ್ಡವರೂ ಅಷ್ಟೆ, ಆದರೆ ಅವರು ಓದಿದ್ದೇವೆ ಅಂತ ಹೇಳಿಕೊಂಡು ತಿರುಗುತ್ತಾರೆ.

ಆ ಕಾದಂಬರಿಯ ಪೂರ್ತಿ ಹಕ್ಕನ್ನು ಹೋಮ್ಸ್‌ನನ್ನು ಸೃಷ್ಟಿಸಿದ ಲೇಖಕ ಆರ್ಥರ್ ಕಾನನ್ ಡಾಯ್ಲ್ ಬರೀ 25 ಪೌಂಡಿಗೆ ಮಾರಿದ್ದ. ಹೋಮ್ಸ್ ಮನೆಮಾತಾದದ್ದು 1891ರ ಜುಲೈಯಲ್ಲಿ ‘ಸ್ಟ್ರಾಂಡ್’ ಮಾಸಿಕಕ್ಕೆ ಸಣ್ಣ ಕಥೆಗಳು ಬರತೊಡಗಿದ ಮೇಲೆ. ಧಾರಾವಾಹಿಯ ಒಂದು ಕಂತು ತಪ್ಪಿದರೆ ಓದುಗ ಮುಂದಿನದನ್ನು ಮುಟ್ಟುವುದಿಲ್ಲ. ನಮ್ಮ ವಾರಪತ್ರಿಕೆಗಳನ್ನು ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದಕ್ಕೆ ಡಾಯ್ಲ್ ಹಿಡಿದ ದಾರಿ: ಪತ್ತೇದಾರ ಅದೇ, ಕಥೆ ಮಾತ್ರ ಆಯಾ ತಿಂಗಳಿಗೇ ಮುಗಿಯಬೇಕು. ನೀನೂ ಅಲ್ಲಿಂದಲೇ ಹಿಡಿ. ಮೊದಲು ‘ದಿ ರೆಡ್-ಹೆಡೆಡ್ ಲೀಗ್’ ಕೊಡು. ಒಂದು ಸಲ ಕೂತರೆ ಮುಗಿಯುತ್ತದೆ.

ಇದನ್ನು ಓದಿಸುವ ಒಂದು ಕ್ರಮ ಇದೆ. ಗಿರವಿ ಅಂಗಡಿಯ ಕೆಂಗೂದಲಿನ ವಿಲ್ಸನ್‌ಗೆ ಒಂದು ವಿಚಿತ್ರ ಕೆಲಸ ಸಿಗುತ್ತದೆ: ಬೆಳಗ್ಗೆ 10ರಿಂದ 2ರವರೆಗೆ ಕೂತು ವಿಶ್ವಕೋಶವನ್ನು ನಕಲು ಮಾಡುವುದು. ವಾರಕ್ಕೆ 4 ಪೌಂಡ್ ಸಂಬಳ. ಷರತ್ತು ಒಂದೇ, ಆ ಹೊತ್ತಿನಲ್ಲಿ ಕಟ್ಟಡ ಬಿಟ್ಟು ಕದಲಬಾರದು. 4 ಪೌಂಡ್ ಅಂದರೆ ಎಷ್ಟು ಅಂತ ಮಗಳು ಕೇಳುತ್ತಾಳೆ. ಉತ್ತರ ಡಾಯ್ಲ್‌ನ ಇನ್ನೊಂದು ಕಥೆಯಲ್ಲೇ ಇದೆ. ‘ದಿ ಸ್ಟಾಕ್‌ಬ್ರೋಕರ್ಸ್ ಕ್ಲರ್ಕ್’ನ ಗುಮಾಸ್ತ ವಾರಕ್ಕೆ 3 ಪೌಂಡ್ ದುಡಿಯುತ್ತಿದ್ದವನು, 4 ಪೌಂಡಿನ ಹೊಸ ಕೆಲಸ ಸಿಕ್ಕಿತು ಅಂತ ಹಿಗ್ಗುತ್ತಾನೆ. ಅಂದಮೇಲೆ ಯಾರಿಗೂ ಬೇಡದ ನಕಲು ಕೆಲಸಕ್ಕೆ, ಅದೂ ದಿನಕ್ಕೆ ನಾಲ್ಕೇ ಗಂಟೆಗೆ, ಪೂರಾ ಗುಮಾಸ್ತನ ಸಂಬಳ ಯಾರು, ಯಾತಕ್ಕೆ ಸುರಿಯುತ್ತಾರೆ? ಈ ಪ್ರಶ್ನೆ ಅವಳ ತಲೆಗೆ ಹೊಕ್ಕರೆ ಮುಕ್ಕಾಲು ಕೆಲಸ ಆದಹಾಗೆ.

ಆಮೇಲೆ ಹೋಮ್ಸ್ ಆ ಅಂಗಡಿ ಇರುವ ಚೌಕಕ್ಕೆ ಬರುತ್ತಾನೆ. ಕೈಕೋಲಿನಿಂದ ಕಲ್ಲುಹಾಸನ್ನು ಎರಡು ಮೂರು ಸಲ ಕುಟ್ಟುತ್ತಾನೆ. ಬಾಗಿಲು ತಟ್ಟಿ, ಅಂಗಡಿಯ ಸಹಾಯಕನ ಹತ್ತಿರ ಸುಮ್ಮನೆ ದಾರಿ ಕೇಳುತ್ತಾನೆ. ಅವನು ನೋಡಿದ್ದು ಸಹಾಯಕನ ಮುಖವನ್ನಲ್ಲ, ಪ್ಯಾಂಟಿನ ಮೊಣಕಾಲನ್ನು. ಹಿಂದಿನ ಬೀದಿಗೆ ಹೋಗಿ ಸಾಲಾಗಿರುವ ಕಟ್ಟಡಗಳನ್ನು ಎಣಿಸುತ್ತಾನೆ: ತಂಬಾಕಿನ ಅಂಗಡಿ, ಪೇಪರ್ ಅಂಗಡಿ, ಬ್ಯಾಂಕಿನ ಶಾಖೆ, ಸಸ್ಯಾಹಾರಿ ಹೋಟೆಲು, ಗಾಡಿ ಕಟ್ಟುವವರ ಡಿಪೋ. ಪುಸ್ತಕವನ್ನು ಅಲ್ಲೇ ಮುಚ್ಚಿಸು. ಬೇಕಾದ ಸುಳಿವುಗಳೆಲ್ಲ ಅಷ್ಟರಲ್ಲಿ ಬಂದಿವೆ; ಸಹಾಯಕ ಅರ್ಧ ಸಂಬಳಕ್ಕೆ ಒಪ್ಪಿ ಬಂದವನು, ಫೋಟೋ ತೊಳೆಯುವ ನೆಪದಲ್ಲಿ ಸದಾ ನೆಲಮಾಳಿಗೆಗೆ ಇಳಿಯುವವನು ಅನ್ನುವುದನ್ನೂ ಸೇರಿಸಿ. ಮಗಳು ತನಗೆ ತೋಚಿದ್ದನ್ನು ಚೀಟಿಯಲ್ಲಿ ಬರೆದಿಟ್ಟು ಮುಂದೆ ಓದಲಿ. ತಪ್ಪಾದರೂ ಸರಿ.

ಎಚ್ಚರ, ಮಕ್ಕಳಿಗೆಂದು ಮೊಟಕು ಮಾಡಿದ ಪ್ರತಿ ಕೊಳ್ಳಬೇಡ. 1930ರಲ್ಲಿ ತೀರಿಕೊಂಡ ಡಾಯ್ಲ್‌ನ ಬರಹಕ್ಕೆ ನಮ್ಮಲ್ಲಿ ಹಕ್ಕುಸ್ವಾಮ್ಯ ಮುಗಿದು ಕಾಲವಾಯಿತು, ಯಾರು ಬೇಕಾದರೂ ಅಚ್ಚು ಹಾಕಬಹುದು, ಹಾಕುತ್ತಾರೆ ಕೂಡ. ಮೊಟಕು ಮಾಡುವವರು ಮೊದಲು ಕತ್ತರಿಸುವುದು ಕಥೆ ಹೇಳುವ ವಾಟ್ಸನ್‌ನ, ಅಂದರೆ ಹೋಮ್ಸ್‌ನ ಗೆಳೆಯನ, ವರ್ಣನೆಗಳನ್ನು. ಸುಳಿವುಗಳು ಇರುವುದೇ ಅಲ್ಲಿ. ಅಂಗಡಿಯಲ್ಲಿ ಈ ಕಥೆಯನ್ನು ತೆಗೆದು ನೋಡು: ಕೋಲು ಕುಟ್ಟುವುದು, ಮೊಣಕಾಲು ನೋಡುವುದು ಎರಡೂ ಇಲ್ಲದಿದ್ದರೆ ಪುಸ್ತಕವನ್ನು ಇದ್ದಲ್ಲೇ ಇಟ್ಟು ಬಾ.

ಎರಡನೆಯದು ‘ದಿ ಸ್ಪೆಕಲ್ಡ್ ಬ್ಯಾಂಡ್’. ರಾತ್ರಿ ಹೊತ್ತಿಗೆ ಒಳ್ಳೆಯದು. ಅದರ ಪರಿಹಾರದಲ್ಲಿ ನಮ್ಮ ದೇಶದ್ದೇ ಅನ್ನುವ ಒಂದು ಸಂಗತಿ ಬರುತ್ತದೆ, ನಮ್ಮ ಹಳ್ಳಿಯ ಮಗುವೂ ‘ಇದು ಹೀಗೆಲ್ಲ ಮಾಡಲ್ಲ’ ಅಂದೀತು. ಏನು ಅಂತ ಹೇಳಿದರೆ ಮಜಾ ಹೋಗುತ್ತದೆ. ಓದಿದ ಮೇಲೆ ತಪ್ಪುಗಳ ಪಟ್ಟಿಯನ್ನು ಅವಳಿಂದಲೇ ಮಾಡಿಸು. ಆಮೇಲೆ ‘ಸಿಲ್ವರ್ ಬ್ಲೇಜ್’, ನಾಯಿ ಬೊಗಳದೇ ಇದ್ದದ್ದೇ ಸುಳಿವಾಗುವ ಕಥೆ. ಇಷ್ಟಾದರೆ ಉಳಿದದ್ದನ್ನು ಅವಳೇ ಹುಡುಕಿಕೊಂಡು ಹೋಗುತ್ತಾಳೆ.

ಒಂದು ಜಾಗದಲ್ಲಿ ಮಾತ್ರ ತಡೆ. 1893ರ ‘ದಿ ಫೈನಲ್ ಪ್ರಾಬ್ಲಮ್’ನಲ್ಲಿ ಹೋಮ್ಸ್ ಜಲಪಾತಕ್ಕೆ ಬೀಳುತ್ತಾನೆ. ಅವನು ಮರಳಿ ಬರುವ ಕಥೆ ಮುಂದಿನ ಸಂಕಲನದ ಮೊದಲಿಗೇ ಇದೆ, ಆದರೆ ಅಂದಿನ ಓದುಗರು ಅದಕ್ಕೆ 1903ರವರೆಗೆ ಕಾದಿದ್ದರು. ನಡುವೆ ‘ದಿ ಹೌಂಡ್ ಆಫ್ ದಿ ಬಾಸ್ಕರ್‌ವಿಲ್ಸ್’ ಕೊಡು. ನಾಲ್ಕು ಕಾದಂಬರಿಗಳಲ್ಲಿ ಗಟ್ಟಿಯಾದದ್ದು ಅದೇ. ಅಲ್ಲಿಯೂ ಹೋಮ್ಸ್ ಬಹಳ ಹೊತ್ತು ಕಾಣೆಯಾಗುತ್ತಾನೆ, ಆದರೆ ವಾಟ್ಸನ್ ಜೊತೆಗಿರುವುದರಿಂದ ಬೇಸರ ಬರುವುದಿಲ್ಲ. ಬಿಟ್ಟುಹೋದ ಮೊದಲ ಕಾದಂಬರಿಗೆ ಇದಾದ ಮೇಲೆ ಮರಳಲಿ.

‘ದಿ ಸೈನ್ ಆಫ್ ಫೋರ್’ ಇನ್ನೆರಡು ವರ್ಷ ಕಾಯಲಿ. ಆರಂಭವೇ ಹೋಮ್ಸ್ ಕೊಕೇನ್ ಚುಚ್ಚಿಕೊಳ್ಳುವುದರಿಂದ. ಅಂಡಮಾನಿನ ಮನುಷ್ಯನನ್ನು ಮೃಗದಂತೆ ಚಿತ್ರಿಸಿದ್ದು ಕಣ್ಣಿಗೆ ಚುಚ್ಚುತ್ತದೆ, ಅದರ ಬಗ್ಗೆ ನೀನೇ ಕೂತು ಮಾತಾಡಬೇಕಾಗುತ್ತದೆ. ಆಗ್ರಾ ಕೋಟೆ, 1857ರ ದಂಗೆ ಎಲ್ಲ ಬರುತ್ತವೆ. ಆದರೆ ಅದರ ಸಿಖ್ ಸಿಪಾಯಿಗಳ ಹೆಸರು ಮಹಮ್ಮದ್ ಸಿಂಗ್, ಅಬ್ದುಲ್ಲಾ ಖಾನ್!

ಸಮಗ್ರ ಸಂಪುಟದ ಪರಿವಿಡಿಯಲ್ಲಿ 4 ಕಾದಂಬರಿ, 56 ಕಥೆ ಇರಬೇಕು. ‘ದಿ ಕಾರ್ಡ್‌ಬೋರ್ಡ್ ಬಾಕ್ಸ್’ ಕೆಲವು ಮುದ್ರಣಗಳಲ್ಲಿ ಎರಡನೇ ಸಂಕಲನದಲ್ಲಿದ್ದರೆ ಕೆಲವದರಲ್ಲಿ ನಾಲ್ಕನೆಯದರಲ್ಲಿ ಇರುತ್ತದೆ. ಆ ಕಥೆಯನ್ನು ಮೊದಲು ಸಂಕಲನದಿಂದ ಕೈಬಿಟ್ಟಾಗ, ಅದರ ಶುರುವಿನಲ್ಲಿ ಹೋಮ್ಸ್ ವಾಟ್ಸನ್‌ನ ಮನಸ್ಸಿನಲ್ಲಿರುವುದನ್ನು ಓದುವ ಪುಟಗಳನ್ನು ‘ದಿ ರೆಸಿಡೆಂಟ್ ಪೇಶಂಟ್’ಗೆ ಎತ್ತಿ ಸೇರಿಸಿದ್ದರು. ಹಾಗಾಗಿ ಕೆಲವು ಸಂಪುಟಗಳಲ್ಲಿ ಅದೇ ಮಾತುಕತೆ ಎರಡೂ ಕಡೆ ಬರುತ್ತದೆ. ಅಚ್ಚಿನ ತಪ್ಪು ಅಂತ ಅಂಗಡಿಯವನ ಜೊತೆ ಜಗಳಕ್ಕೆ ಹೋಗಬೇಡ.

ಮಗಳ ಚೀಟಿಯಲ್ಲಿ ಏನಿತ್ತು ಅಂತ ತಪ್ಪದೆ ಬರೆ. ಅಮ್ಮನಿಗೆ ನಮಸ್ಕಾರ ತಿಳಿಸು.

ಇಂತಿ ನಿನ್ನ ಗೆಳೆಯ