ಕಡ್ಡಾಯ ಮತದಾನ: ಭಾನುವಾರದ ಚರ್ಚೆಗೆ ಮುನ್ನ

ಆತ್ಮೀಯ ಸದಸ್ಯರೇ,

ಬರುವ ಭಾನುವಾರ ಸಂಜೆ ಮೂಡಿಗೆರೆಯಲ್ಲಿ ಸೇರುವಾಗ ಕಡ್ಡಾಯ ಮತದಾನದ ವಿಷಯವನ್ನೇ ಎತ್ತಿಕೊಳ್ಳೋಣವೆಂದು ತೀರ್ಮಾನವಾಗಿರುವುದರಿಂದ, ಈ ನಾಲ್ಕು ಮಾತುಗಳನ್ನು ಓದಿಕೊಂಡು ಬರಬೇಕೆಂದು ಕೋರುತ್ತೇನೆ.

ಆಸ್ಟ್ರೇಲಿಯಾದಲ್ಲಿ 1922ರ ಚುನಾವಣೆಯಲ್ಲಿ ಮತದಾನ ಶೇ. 60ಕ್ಕಿಂತ ಕೆಳಗಿಳಿದಿತ್ತು, 1924ರಲ್ಲಿ ಕಾನೂನು ಬಂದ ಮೇಲೆ ಮರುವರ್ಷದ ಚುನಾವಣೆಯಲ್ಲೇ ಅದು ಶೇ. 91 ದಾಟಿತು. ಸರಿಯಾದ ಕಾರಣವಿಲ್ಲದೆ ತಪ್ಪಿಸಿಕೊಂಡವರಿಗೆ 20 ಡಾಲರ್ ದಂಡವಿದೆ ನಿಜ. ಆದರೆ ಅಲ್ಲಿ ಮತದಾನ ನಡೆಯುವುದು ಶನಿವಾರ, ಅಂಚೆಯಲ್ಲೂ ಮುಂಗಡವಾಗಿಯೂ ಮತ ಹಾಕುವ ಅನುಕೂಲವಿದೆ ಎಂಬುದನ್ನೂ ಅಷ್ಟೇ ಗಮನಿಸಬೇಕು. ಗುಜರಾತ್ ಸ್ಥಳೀಯ ಸಂಸ್ಥೆಗಳಿಗೆ ಇಂಥ ಕಾನೂನು ತಂದಾಗ 2015ರಲ್ಲಿ ಹೈಕೋರ್ಟ್ ತಡೆ ನೀಡಿತು. ಅದೇ ವರ್ಷ ಕಾನೂನು ಆಯೋಗವೂ ತನ್ನ 255ನೇ ವರದಿಯಲ್ಲಿ ಕಡ್ಡಾಯ ಬೇಡವೆಂದಿತು.

ಕಳೆದ ಚುನಾವಣೆಯ ದಿನ ನಮ್ಮ ಪಕ್ಕದ ಕಾಫಿ ತೋಟದ ಲೈನ್ ಮನೆಯ ಜಗಲಿಯಲ್ಲಿ, ರಾಯಚೂರು ಕಡೆಯ ಹೆಂಗಸೊಬ್ಬರು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡಿದ್ದ ಗುರುತಿನ ಚೀಟಿಯನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದರು. ಹೆಸರು ಊರಿನ ಪಟ್ಟಿಯಲ್ಲಿದೆ, ಹೋಗಿಬರಲು ಎರಡು ದಿನದ ಕೂಲಿ ಹೋಗುತ್ತದೆ. ಇಂಥವರಿಗೆ ದಂಡ ಹಾಕುವುದನ್ನು ನನ್ನ ಮನಸ್ಸು ಒಪ್ಪುವುದಿಲ್ಲ. ಮತದಾನದ ದಿನ ಸಂಬಳ ಸಹಿತ ರಜೆ ಕೊಡಬೇಕೆಂದು ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಕಲಂ ಹೇಳುತ್ತದೆ, ದಿನಗೂಲಿಯವರಿಗೂ ಅದು ಅನ್ವಯಿಸುತ್ತದೆ. ತೋಟದ ಮಾಲೀಕರಾದ ಸದಸ್ಯರು ದಯವಿಟ್ಟು ಇದನ್ನು ಪಾಲಿಸಬೇಕು.

ವಾಸಸ್ಥಳ ಬದಲಾದವರು ಮತದಾರರ ಪಟ್ಟಿಯಲ್ಲಿ ವರ್ಗಾವಣೆಗೆ ಸಲ್ಲಿಸಬೇಕಾದ ಫಾರ್ಮ್ 8ರ ಪ್ರತಿಗಳನ್ನು ಭಾನುವಾರ ತರುತ್ತೇನೆ. ನಿಮ್ಮ ತೋಟಕ್ಕೆ ಎಷ್ಟು ಬೇಕೆಂದು ಶುಕ್ರವಾರದೊಳಗೆ ಇಲ್ಲೇ ತಿಳಿಸಿ.